ನೊರಿ ನೋಡಿ ನೀರು ಅಂದ ಮೀಟರ್

ಕಾರ್ಖಾನಿಗಳ ಹೊಲಸು ನೀರಿನ ಸಂಪ್ ಎಷ್ಟು ತುಂಬೇದ ಅಂತ ಹೇಳೋ ಸೆನ್ಸರ್ ಕೂಡಿಸೋದು ನನ್ನ ಕೆಲಸ. ಯಾದಗಿರಿ, ಶಹಾಪುರ, ಸುರಪುರ ಕಡಿ ಬೈಕಿನ ಹಿಂದ ಡಬ್ಬಿ ಕಟ್ಕೊಂಡು ತಿರುಗ್ತೀನಿ. ಬರೀ ನೀರಿದ್ರ ಯಾವ ಸೆನ್ಸರಾದ್ರೂ ನಡೀತದ. ಆದ್ರ ಸಂಪಿನಾಗ ಬರೀ ನೀರು ಇರೋದೇ ಇಲ್ಲ. ಅದು ಗೊತ್ತಿದ್ದೂ ವರ್ಷಕ್ಕೊಮ್ಮೆಯಾದ್ರೂ ನನ್ನ ಮಾನ ಹೋಗ್ತದ.

ತೇಲೋ ಗುಂಡು

ಶಹಾಪುರದ ಹತ್ರ ಒಂದು ರೈಸ್ ಮಿಲ್. ನೆಲ್ಲು ಕುದಿಸಿದ ನೀರಿನ ಸಂಗಾಟ ಹೊಟ್ಟು, ಗಂಜಿ ಎಲ್ಲಾ ಸಂಪಿಗೆ ಬರ್ತದ. ನಾನು ತೇಲೋ ಗುಂಡು ಹಾಕಿದೆ. ನೀರು ಏರಿದ್ರ ಗುಂಡು ಏರಬೇಕು, ಪಂಪ್ ಚಾಲೂ ಆಗಬೇಕು. ಹದಿನೈದು ದಿನಕ್ಕ ಗಂಜಿ ಒಣಗಿ ಗುಂಡು ಗ್ವಾಡಿಗೆ ಅಂಟ್ಕೊಂಡು ಕುಂತುಬಿಡ್ತು. ನೀರು ಗೋದಾಮಿಗೆ ನುಗ್ಗಿತು.

ನಾ ಹೋದಾಗ ಮಾಲೀಕರು ಬೈಲಿಲ್ಲ. "ಗುಂಡು ತೇಲ್ತದ ಅಂದಿದ್ರಿ" ಅಂದ್ರು.

"ಹೌದ್ರಿ ಸಾವ್ಕಾರ್ರ."

"ಅದೊಂದು ಬಿಟ್ಟು ಎಲ್ಲಾ ತೇಲಾಕತ್ತದ್ರಿ. ನನ್ನ ಚಪ್ಪಲಿ ಸೈತ."

ಎರಡು ಕಡ್ಡಿ

ಸುರಪುರ ಕಡಿ ಹತ್ತಿಕಾಳಿನ ಎಣ್ಣಿ ಮಿಲ್. ಗುಂಡಿನ ಸಹವಾಸ ಬ್ಯಾಡ ಅಂತ ಎರಡು ಉಕ್ಕಿನ ಕಡ್ಡಿ ಇಳಿಬಿಟ್ಟೆ. ನೀರು ತಾಕಿದ್ರ ಒಂದರಿಂದ ಇನ್ನೊಂದಕ್ಕ ಕರೆಂಟ್ ಹರಿದು, ಸಂಪ್ ತುಂಬಿತು ಅಂತ ದೀಪ ಹತ್ತಬೇಕು. ಆದ್ರ ನೀರಿನ ಮ್ಯಾಲಿನ ಎಣ್ಣಿ ಕಡ್ಡಿಗೆ ಮೆತ್ಕೊಂಡು ಕರೆಂಟಿಗೆ ದಾರಿನೇ ಬಿಡಲಿಲ್ಲ.

ಮೇಸ್ತ್ರಿ ಫೋನ್ ಹಚ್ಚಿದ್ರು. "ನಿಮ್ಮ ದೀಪ ಹತ್ತಿಲ್ರಿ."

ನಾನು ಭಾಳ ಶಾಣ್ಯಾನಂಗ, "ಹಂಗಾದ್ರ ಸಂಪ್ ಖಾಲಿ ಇರಬೇಕ್ರಿ" ಅಂದೆ.

"ಹೌದೇನ್ರಿ? ಹಂಗಾದ್ರ ನನ್ನ ಪ್ಯಾಂಟ್ ಮೊಣಕಾಲ ತನಕ ಯಾಕ ತೊಯ್ತು ಅಂತ ನೀವೇ ನಮ್ಮ ಮನಿಯಾಕಿಗೆ ಹೇಳ್ರಿ."

ನೊರಿ

ಇದನ್ನ ನೆನಸ್ಕೊಂಡ್ರ ನಗುವಿಗಿಂತ ಮೊದಲ ನಾಚಿಕಿ ಬರ್ತದ.

ಯಾದಗಿರಿ ಹತ್ರ ಒಂದು ಸಾಬೂನು ಕಾರ್ಖಾನಿ. ಅಲ್ಲಿ ಮ್ಯಾಲಿಂದ ಶಬ್ದ ಬಿಟ್ಟು, ಅದು ನೀರಿಗೆ ಬಡಿದು ತಿರುಗಿ ಬರೋ ಹೊತ್ತು ಅಳೆಯೋ ಮೀಟರ್ ಕೂಡಿಸಿದ್ದೆ. ಒಂದಿನ ಸಂಪ್ ತುಂಬೇದ ಅಂತ ತೋರಿಸಿತು. ಅದನ್ನ ನಂಬಿ ಅಲ್ಲಿಯ ವಯಸ್ಸಾದ ಆಪರೇಟರ್ ಪಂಪ್ ನಡೆಸ್ಯಾರ. ಒಳಗ ಇದ್ದದ್ದು ಬರೀ ನೊರಿ. ನೀರಿಲ್ದ ನಡೆದು ಪಂಪ್ ಸುಟ್ಟು ಹೋಯ್ತು.

ನಾ ಹೋಗೋದ್ರಾಗ ನೊರಿ ಇಳಿದಿತ್ತು, ಮೀಟರ್ ಖರೇನೇ ಹೇಳಾಕತ್ತಿತ್ತು. "ನೊರಿ ಏರಿತ್ರಿ" ಅಂತ ಆಪರೇಟರ್ ಎಷ್ಟೋ ಹೇಳಿದ್ರು. ಮ್ಯಾನೇಜರ್ ನನ್ನ ಕಡಿ ನೋಡಿದ್ರು. ನಾನು, "ಮೀಟರ್ ಸುಳ್ಳು ಹೇಳಂಗಿಲ್ರಿ" ಅಂದುಬಿಟ್ಟೆ. ಅವತ್ತೇ ಆ ಹಿರಿಯರ ಕೆಲಸ ಹೋಯ್ತು.

ಮುಂದಿನ ತಿಂಗಳು ಇನ್ನೊಂದು ಪಂಪ್ ಸುಟ್ಟಿತು. ಆವಾಗ ಅರ್ಧ ದಿನ ಸಂಪಿನ ದಂಡಿಗೆ ಕುಂತೆ. ಕಣ್ಣೆದುರೇ ನೊರಿ ಉಬ್ಬಿತು, ಮೀಟರ್ ಸಂಪ್ ತುಂಬಿತು ಅಂತು. ನೊರಿ ದಾಟಿ ನೀರು ಹಿಡಿಯೋ ರಾಡಾರ್ ಹಾಕಿ, ತಪ್ಪು ನಂದು ಅಂತ ಮ್ಯಾನೇಜರಿಗೆ ಹೇಳಿದೆ. "ಆ ಹಿರಿಯರನ್ನ ಕರಕೊಂಡು ಬರ್ರಿ" ಅಂದ್ರು.

ಅವರೂರು ಗೋಗಿಗೆ ಹೋದೆ. ಆ ಹಿರಿಯರು ಊರಿಗೆ ನೀರು ಬಿಡೋ ಕೆಲಸ ಹಿಡಿದಿದ್ರು, ಟ್ಯಾಂಕಿನ ಬುಡಕ ಕುಂತಿದ್ರು.

"ಕಾಕಾ, ತಪ್ಪು ನಂದ್ರಿ. ಕಾರ್ಖಾನಿಯವರು ಕರದಾರ, ಬರ್ರಿ."

"ಅವತ್ತು ಈ ಮಾತು ಹೇಳಿದ್ರ ಸಾಕಿತ್ತು" ಅಂದ್ರು.

ಅಷ್ಟರಾಗ ಟ್ಯಾಂಕ್ ತುಂಬಿ ಚೆಲ್ಲಾಕತ್ತಿತು. "ಟ್ಯಾಂಕ್ ತುಂಬಿತ್ರಿ, ಬಂದ್ ಮಾಡ್ರಿ" ಅಂತ ಮೂರು ಓಣಿಯ ಹೆಣ್ಮಕ್ಕಳು ಒಮ್ಮೆಲೇ ಒದರಿದ್ರು. ಕಾಕಾ ಓಡಿಹೋಗಿ ಪಂಪ್ ಬಂದ್ ಮಾಡಿ ಬಂದ್ರು.

"ಕೇಳಿದ್ರೇನು? ಇಲ್ಲಿ ಸೆನ್ಸರ್ ತಪ್ಪಿದ್ದು ಒಂದಿನ ಇಲ್ಲ. ನಾ ಬರಂಗಿಲ್ರಿ."