ಗೋಡೆಯ ಫೋಟೋಗೆ ಅಡ್ಡ ಬಂದ ಲೆನ್ಸಿನ ಬಗ್ಗೆ

ಇಂದ:
ನಿವೃತ್ತ ಹೆಡ್ ಕ್ಲಾರ್ಕ್,
ಹಾಗೂ ಲೆನ್ಸ್ ಕಳಿಸಿದವನ ತಾಯಿ

ಗೆ:
ಮುಖ್ಯಸ್ಥರು,
ಲೆನ್ಸ್ ಕ್ಯಾಲಿಬ್ರೇಶನ್ ವಿಭಾಗ,
ಕ್ಯಾಮೆರಾ ಸರ್ವಿಸ್ ಸೆಂಟರ್

ವಿಷಯ: ಯಾವ ದೋಷವೂ ಇಲ್ಲದ ಲೆನ್ಸನ್ನು ಕೂಡಲೇ ವಾಪಸ್ಸು ಮಾಡಿ, ಇನ್ನು ಮುಂದೆ ಸ್ವೀಕರಿಸದಿರುವ ಕುರಿತು.

ಉಲ್ಲೇಖ: ೧) ನನ್ನ ಮಗ ಮೂರನೇ ಸಲ ತಮಗೆ ಕಳಿಸಿರುವ ಪಾರ್ಸೆಲ್.
೨) ನಿನ್ನೆ ತಮ್ಮ ಸಿಬ್ಬಂದಿ ಮಾಡಿದ ಫೋನ್ ಕರೆ. ಮಗ ಸ್ನಾನಕ್ಕೆ ಹೋಗಿದ್ದ ಕಾರಣ ಸ್ವೀಕರಿಸಿದವಳು ನಾನು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ,

೧. ನಾನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ನನ್ನ ಹೃದಯದ ಬಗ್ಗೆ ಡಾಕ್ಟರು ಗಟ್ಟಿ ಮಾತು ಕೊಡದ ಕಾರಣ, ನಾನು ಹೋದ ಮೇಲೆ ಗೋಡೆಗೆ ಹಾಕುವ ಫೋಟೋವನ್ನು ನಾನೇ ನೋಡಿ ಆರಿಸಬೇಕೆಂದು ತೀರ್ಮಾನಿಸಿದೆ. ಇದರಲ್ಲಿ ಮೂಗೊರೆಸಿಕೊಳ್ಳುವಂಥದ್ದೇನೂ ಇಲ್ಲ. ನನ್ನ ಯಜಮಾನರು ಹೋದಾಗ ಸಿಕ್ಕಿದ್ದು ಯಾವುದೋ ಗುಂಪಿನ ಫೋಟೋ. ಅದರಿಂದ ಅವರನ್ನು ಕತ್ತರಿಸಿ ದೊಡ್ಡದು ಮಾಡಿಸಿದೆವು. ಹೆಗಲ ಮೇಲೆ ಒಂದು ಕೈ ಉಳಿದುಬಿಟ್ಟಿತು. ಆ ಕೈ ಯಾರದೆಂದು ಇವತ್ತಿನವರೆಗೂ ಪತ್ತೆಯಾಗಿಲ್ಲ. ಬಳೆ ಇಲ್ಲ ಎಂಬುದಷ್ಟೇ ಸಮಾಧಾನ.

೨. ನನ್ನದು ಎಂದು ಇರುವುದು ನಿವೃತ್ತಿಯ ದಿನದ ಗ್ರೂಪ್ ಫೋಟೋ ಒಂದೇ. ಅದರಲ್ಲಿ ನಮ್ಮ ಸೂಪರಿಂಟೆಂಡೆಂಟರ ಭುಜ ಪೂರ್ತಿ ಬಂದಿದೆ, ನಾನು ಅರ್ಧ.

೩. ಮಗ ಫೋಟೋಗ್ರಾಫರ್. ಅಂಗಡಿಗಳ ಜಾಹೀರಾತಿಗೆ ಚಪ್ಪಲಿ, ಕುಕ್ಕರ್, ಮಿಕ್ಸಿ ಇತ್ಯಾದಿಗಳ ಫೋಟೋ ತೆಗೆಯುತ್ತಾನೆ. ನಾನು ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಹಲ್ಲಿನ ಸೆಟ್ಟು ಹಾಕಿಕೊಂಡು ಕಿಟಕಿಯ ಪಕ್ಕ ಕೂತೆ. ಅವನು ಕ್ಯಾಮೆರಾ ಎತ್ತಿದ, ನೋಡಿದ, ಇಳಿಸಿದ. ಫೋಕಸ್ ಹಿಂದೆ ಬೀಳುತ್ತಿದೆ, ಕಣ್ಣಿಗೆ ಗುರಿಯಿಟ್ಟರೆ ಕಿವಿ ಸ್ಪಷ್ಟವಾಗುತ್ತಿದೆ, ಕ್ಯಾಲಿಬ್ರೇಶನ್ ಮಾಡಿಸಿ ಫೋಕಸ್ ಸರಿಹೊಂದಿಸದೆ ತೆಗೆಯುವಂತಿಲ್ಲ ಎಂದು ಲೆನ್ಸ್ ಬಿಚ್ಚಿ ತಮಗೆ ಕಳಿಸಿದ. ಕಿವಿಯೂ ನನ್ನದೇ, ಅಡ್ಡಿಯಿಲ್ಲ ಎಂದೆ. ಕೇಳಲಿಲ್ಲ.

೪. ಲೆನ್ಸ್ ವಾಪಸ್ಸು ಬಂತು. ಮರುದಿನವೇ ಅದರಲ್ಲಿ ಒಂದು ಕುಕ್ಕರಿನ ಫೋಟೋ ತೆಗೆದ. ಹಿಡಿಯ ಮೇಲಿನ ಸಣ್ಣ ಗೀರು ಸಹ ಎದ್ದು ಕಾಣುತ್ತಿತ್ತು. ಸರಿ, ನಾನು ಮತ್ತೆ ಹಲ್ಲು ಹಾಕಿಕೊಂಡು ಕೂತೆ. ಮತ್ತೆ ಫೋಕಸ್ ಹಿಂದೆ ಬಿತ್ತು. ಆಮೇಲೆ ಇನ್ನೊಂದು ಸಲವೂ ಇದೇ ಹಾಡು. ಕುಕ್ಕರಿಗೆ ಸರಿಯಿರುವ ಲೆನ್ಸು ಹೆತ್ತ ತಾಯಿಗೆ ಮಾತ್ರ ಕೆಡುವುದು ಯಾವ ನಿಯಮದಡಿ ಎಂದು ಸೊಸೆಯನ್ನು ಕೇಳಿದೆ. ಒಲೆ ಮೇಲೆ ಹಾಲಿದೆ ಎಂದು ಎದ್ದು ಹೋದಳು.

೫. ಹೀಗಿರುವಾಗ ನಿನ್ನೆ ಫೋನಿನಲ್ಲಿ ತಮ್ಮ ಸಿಬ್ಬಂದಿ ಹೇಳಿದ್ದು: "ಲೆನ್ಸ್‌ಗೆ ಏನೂ ಆಗಿಲ್ಲಮ್ಮ. ಮೊದಲನೇ ಸಲಾನೇ ಹೇಳಿದ್ವಿ. ಪರವಾಗಿಲ್ಲ, ಇನ್ನೊಂದಷ್ಟು ದಿನ ಇಟ್ಕೊಳ್ಳಿ ಅಂತಾರೆ ನಿಮ್ಮ ಮಗ." ನನಗೆ ಮೈಯೆಲ್ಲ ಉರಿದುಹೋಯಿತು. ಇಟ್ಟುಕೊಳ್ಳಲು ಅದೇನು ಅಡವಿಟ್ಟ ಒಡವೆಯೇ?

೬. ಆದ್ದರಿಂದ ಊಟಕ್ಕೆ ಕೂತಾಗ ಮಗನಿಂದ ವಿವರಣೆ ಕೇಳಲಾಯಿತು. ತಲೆ ನರೆತ ಗಂಡಸು, ತಟ್ಟೆ ನೋಡಿಕೊಂಡು ಹೇಳಿದ: "ಫೋಟೋ ಒಂದು ಆಗ್ಬಿಟ್ರೆ ನಿಂಗೆ ಇನ್ನೇನೂ ಬಾಕಿ ಇರಲ್ವಲ್ಲಮ್ಮ."

ಮಾನ್ಯರೇ, ಕತ್ತೆಗಾದಂತೆ ವಯಸ್ಸಾಯಿತು, ಬುದ್ಧಿ ಬರಲಿಲ್ಲ ಎಂದು ಬೈದೆ. ಬೈಯುತ್ತಿರುವಾಗಲೇ ಅಳು ಬಂತು. ಕಡತ ಮುಗಿಯುವುದು ಬೇಡವಾದರೆ, ಏನೋ ಒಂದು ಕಡಿಮೆಯಿದೆ ಎಂದು ಹೇಳಿ ಕೂರಿಸಿಬಿಡುವ ಉಪಾಯ ನಮ್ಮ ಕಚೇರಿಯದು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಅದನ್ನು ನನ್ನ ಮೇಲೆಯೇ ಪ್ರಯೋಗಿಸಿದ್ದಾನೆ. ಪ್ರೀತಿಯಿಂದಲೇ ಮಾಡಿದ್ದಾನೆ, ಅದೂ ಗೊತ್ತು. ಆದರೆ ನಾಳೆ ನಾನು ಹೋದರೆ ಇದೇ ಮಹಾಶಯ ಸೂಪರಿಂಟೆಂಡೆಂಟರ ಭುಜದ ಸಮೇತ ನನ್ನನ್ನು ಗೋಡೆಗೇರಿಸಿ, ಅಮ್ಮನದೊಂದು ಫೋಟೋ ತೆಗೆಯಲಿಲ್ಲವಲ್ಲ ಎಂದು ಜೀವಮಾನವೆಲ್ಲ ಕೊರಗುತ್ತಾನೆ. ಭುಜವನ್ನಾದರೂ ಸಹಿಸಿಯೇನು, ಅವನ ಕೊರಗು ನನಗೆ ಬೇಡ.

ಕಾರಣ, ತಾವು ದೊಡ್ಡ ಮನಸ್ಸು ಮಾಡಿ,

(ಅ) ಲೆನ್ಸನ್ನು ಇದ್ದದ್ದು ಇದ್ದಂತೆಯೇ ವಾಪಸ್ಸು ಕಳಿಸತಕ್ಕದ್ದು;
(ಆ) ನಾಲ್ಕನೇ ಸಲ ಬಂದರೆ ಬಾಗಿಲಿನಿಂದಲೇ ತಿರುಗಿಸತಕ್ಕದ್ದು;
(ಇ) ಮಗ ಫೋನ್ ಮಾಡಿ ಗೋಗರೆದರೆ ಕರಗದಿರತಕ್ಕದ್ದು. ಅವನು ಚೆನ್ನಾಗಿ ಗೋಗರೆಯುತ್ತಾನೆ.

ತಮ್ಮ ವಿಶ್ವಾಸಿ,
(ಸಹಿ. ಸ್ವಲ್ಪ ಸೊಟ್ಟಗಿದೆ, ಆದರೂ ನನ್ನದೇ.)

ಲಗತ್ತುಗಳು:
೧. ಪಾರ್ಸೆಲ್ ರಸೀದಿಯ ನಕಲು. ಸೊಸೆ ಗಂಡನಿಗೆ ಗೊತ್ತಾಗದಂತೆ ತಂದುಕೊಟ್ಟಿದ್ದು.
೨. ಅರ್ಜಿದಾರಳ ಇತ್ತೀಚಿನ ಭಾವಚಿತ್ರ: ಲಗತ್ತಿಸಿಲ್ಲ. ಕಾರಣ ತಮಗೆ ಗೊತ್ತೇ ಇದೆ.

ವಿಶೇಷ ಸೂಚನೆ: ಮಗ ತೆಗೆಯುವ ಮೊದಲನೇ ಫೋಟೋದಲ್ಲಿ ಮೂಗು ಸರಿಯಾಗಿ ಬಂದಿಲ್ಲವೆಂದೂ, ಎರಡನೆಯದರಲ್ಲಿ ಬೆಳಕು ಸಾಲದೆಂದೂ ಅರ್ಜಿದಾರಳು ಆಕ್ಷೇಪಣೆ ಎತ್ತಿ ತಿರಸ್ಕರಿಸಲಿದ್ದು, ಮೂರನೆಯದಕ್ಕೆ ಕಾರಣ ಹುಡುಕಲಾಗುತ್ತಿದೆ. ಆದ್ದರಿಂದ ಫೋಟೋ ಆಗಿಬಿಡುವ ಭಯ ಸದ್ಯಕ್ಕೆ ಇಲ್ಲವೆಂದು ಮಗನಿಗೆ ಒಂದು ಚೀಟಿ ಬರೆದು, ಲೆನ್ಸಿನ ಜೊತೆ ಇಟ್ಟು ಕಳಿಸಬೇಕಾಗಿ ಕೋರಿಕೆ.