ಅಮ್ಮನ ಮೊಣಕಾಲಿಗೆ ಕರೆಂಟಿನ ಮದ್ದು

ಸಂಶಯಪಡುವುದು ನನ್ನ ಹುಟ್ಟುಗುಣ. ಹಾಲಿನವನು ನಕ್ಕರೆ ಹಾಲನ್ನು ನೋಡುತ್ತೇನೆ. ಹೆಂಡತಿ ನಕ್ಕರೆ ನನ್ನ ಅಂಗಿಯ ಗುಂಡಿ ನೋಡಿಕೊಳ್ಳುತ್ತೇನೆ. ಇಂಥವನ ಅಮ್ಮ ಮೊಣಕಾಲು ನೋವಿಗೆ ಬಂಟ್ವಾಳದ ಡಾಕ್ಟರೊಬ್ಬರ ಕರೆಂಟಿನ ಮದ್ದೇ ಆಗಬೇಕೆಂದು ಹಟ ಹಿಡಿದರೆ ನನ್ನ ಗತಿ ಏನಾಗಬೇಡ!

ಕೊನೆಗೆ ಅಮ್ಮನನ್ನು ಬಂಟ್ವಾಳಕ್ಕೆ ಕರೆದುಕೊಂಡು ಹೋದೆ. ಡಾಕ್ಟರರು ಬೊಂಬಾಯಿಯಿಂದ ತರಿಸಿದ ಪೆಟ್ಟಿಗೆ ತೆರೆದರು. ಒಳಗೆ ಗಾಜಿನ ಕೊಳವೆಗಳು. ಒಂದು ಅಣಬೆಯಂತೆ, ಇನ್ನೊಂದು ಬಾಚಣಿಗೆಯಂತೆ. ಸ್ವಿಚ್ಚು ಹಾಕಿದರೆ ಚರಚರ ಸದ್ದು, ನೇರಳೆ ಬೆಳಕು, ಸಿಡಿಲು ಬಡಿದ ಮೇಲಿನ ವಾಸನೆ. ಒಂದು ಕಾಲದಲ್ಲಿ ವಿಲಾಯಿತಿಯ ದೊಡ್ಡ ದೊಡ್ಡ ವೈದ್ಯರೇ ಇದನ್ನು ನೆಚ್ಚಿದ್ದರಂತೆ. ಅವರು ಕೈಬಿಟ್ಟ ಮೇಲೆ ಹೆಂಗಸರ ಮುಖದ ಕಾಂತಿಗೆ ಬಳಕೆಯಾಯಿತಂತೆ. ಬೋಳುತಲೆಯಲ್ಲೂ ಕೂದಲು ಬರಿಸುತ್ತದಂತೆ. ಇಷ್ಟೆಲ್ಲ ಹೇಳಿದ ಡಾಕ್ಟರರ ತಲೆ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು.

ನನಗಂತೂ ಆ ದಿನ ತಲೆಬಿಸಿ. ಅಲ್ಲಿಂದಲೇ ಮಂಗಳೂರಿಗೆ ಹೆಡ್‌ಮಾಸ್ಟರ್ ಹುದ್ದೆಯ ಸಂದರ್ಶನಕ್ಕೆ ಹೋಗಬೇಕಿತ್ತು. ಹಿಂದೆ ಎರಡು ಸಲ ಹೋಗಿ, ಎರಡು ಸಲವೂ ಹೆದರಿ ಬಾಯಿ ಕಟ್ಟಿ ಬಂದವನು ನಾನು. ಇದೂ ತಪ್ಪಿದರೆ ಮುಂಡಾಜೆಯ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳ ಮೂಗು ಒರೆಸುತ್ತಲೇ ಮುದುಕನಾಗಬೇಕಿತ್ತು.

“ಅಮ್ಮ, ಈ ಕೊಳವೆಯನ್ನು ಎಡಗೈಯಲ್ಲಿ ಗಟ್ಟಿ ಹಿಡ್ಕೊಳ್ಳಿ. ಕರೆಂಟು ಮೈಗೆಲ್ಲ ಹೋಗ್ತದೆ, ನಿಮಗೆ ಗೊತ್ತೇ ಆಗುದಿಲ್ಲ,” ಎಂದರು ಡಾಕ್ಟರರು.

“ಗೊತ್ತೇ ಆಗದ್ದು ಎಂತ ಮದ್ದು ಮಾರಾಯ್ರೆ?” ಎಂದೆ.

“ನೀನೊಮ್ಮೆ ಸುಮ್ಮನಿರು ಮಗಾ,” ಎಂದು ಅಮ್ಮ ಗದರಿದರು.

ಅಷ್ಟರಲ್ಲಿ ಮಂಗಳೂರು ಬಸ್ಸಿನ ಹಾರನ್ ಕೇಳಿಸಿತು. ಒಳ್ಳೆಯ ಕೆಲಸಕ್ಕೆ ಹೊರಡುವಾಗ ಹಿರಿಯರ ಕಾಲು ಹಿಡಿಯದೆ ಹೋಗುವ ಕ್ರಮ ನಮ್ಮ ಮನೆಯಲ್ಲಿಲ್ಲ. ಗಡಿಬಿಡಿಯಲ್ಲಿ ಬಗ್ಗಿದೆ. ನನ್ನ ಕೈ ಇನ್ನೂ ಅವರ ಕಾಲಿಗೆ ಮುಟ್ಟಿರಲಿಲ್ಲ. ಅಮ್ಮ ಎಡಗೈಯ ಕೊಳವೆ ಬಿಡದೆ, “ಒಳ್ಳೆದಾಗ್ಲಿ” ಎಂದು ಬಲಗೈಯನ್ನು ನನ್ನ ತಲೆಯ ಕಡೆಗೆ ಚಾಚಿದರು. ಚಟ್ ಎಂದು ಕಿಡಿ ಹಾರಿತು! ನಾನು “ಅಯ್ಯಮ್ಮಾ!” ಎಂದು ಹಾರಿ ಬಾಗಿಲ ಹತ್ತಿರ ಬಿದ್ದೆ.

“ಈಗ ಗೊತ್ತಾಯ್ತಲ್ಲ, ಮದ್ದು ಉಂಟು ಅಂತ?” ಎಂದರು ಅಮ್ಮ.

ಸಂದರ್ಶನದಲ್ಲಿ ನೆತ್ತಿ ಚುರುಗುಟ್ಟುವ ಗುಂಗಿನಲ್ಲಿ ಹೆದರುವುದೇ ಮರೆತುಹೋಯಿತು. ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟೆ. ಹುದ್ದೆ ಸಿಕ್ಕಿತು. ಅದು ಕರೆಂಟಿನ ಮಹಿಮೆ ಎಂದು ಅಮ್ಮ ಊರಿಡೀ ಹೇಳಿಕೊಂಡು ಬಂದರು. ನಾನು ಒಪ್ಪಲಿಲ್ಲ. ಅವರ ಮೊಣಕಾಲು ಗುಣವಾದದ್ದೂ ನನ್ನ ಹೆಂಡತಿ ದಿನಾ ಕೊಟ್ಟ ಬಿಸಿನೀರಿನ ಶಾಖದಿಂದಲೇ ಎಂದು ವಾದಿಸಿದೆ.

ಕೆಲವು ವರ್ಷಗಳ ಮೇಲೆ ಶಾಲಾ ಇನ್‌ಸ್ಪೆಕ್ಟರ್ ಹುದ್ದೆಯ ಸಂದರ್ಶನಕ್ಕೆ ಕಾಗದ ಬಂತು. ಅಂದು ಸಂಜೆಯೇ, “ಅಮ್ಮ, ನಿಮ್ಮ ಮೊಣಕಾಲನ್ನು ಬಂಟ್ವಾಳದಲ್ಲಿ ಇನ್ನೊಮ್ಮೆ ತೋರಿಸಿ ಬರುವ,” ಎಂದೆ, ಆದಷ್ಟು ಸಹಜವಾಗಿ.

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನನ್ನ ಮೊಣಕಾಲು ಸರಿ ಉಂಟು. ನಿನ್ನ ತಲೆಗೆ ಅಂತಾದರೆ ಹೇಳು, ಹೋಗುವ.”

ಮರುದಿನ ತೆಪ್ಪಗೆ ಇಬ್ಬರಿಗೂ ಟಿಕೇಟು ತೆಗೆದೆ.