ಅತ್ತೆಯವರ ಒಂದು ನಮಸ್ಕಾರ

ಹಾಲಾಪಾ ಪಟ್ಟಣದ ನಮ್ಮ ಬೀದಿಯವರಿಗೆಂದು ನಾನು ಕಟ್ಟಿದ ಆನ್‌ಲೈನ್ ಬಳಗಕ್ಕಿಂತ ಊರಿನ ಸ್ಮಶಾನವೇ ವಾಸಿ. (ಅಲ್ಲಿಗಾದರೂ ಸತ್ತವರ ಹಬ್ಬದ ದಿನ ಬ್ಯಾಂಡಿನವರು ಬರುತ್ತಾರೆ.) ಹೆಸರಿಗೆ ಎಂಬತ್ತು ಮನೆಯವರು ಸದಸ್ಯರು, ನಾನು ಬಳಗಾಧಿಪತಿ. ನಲ್ಲಿಯಲ್ಲಿ ನೀರು ಬಾರದ್ದನ್ನು ಬರೆದೆ, ಕಸದ ಗಾಡಿ ಬರುವ ಹೊತ್ತು ಬರೆದೆ, ಕಾಫಿ ಹೂವಿನ ಫೋಟೊ ಹಾಕಿದೆ. ಎಲ್ಲರೂ ಓದುತ್ತಾರೆ, ಒಬ್ಬರೂ ತುಟಿ ಪಿಟಕ್ಕೆನ್ನುವುದಿಲ್ಲ.

"ಗೋಡೆ ಜೊತೆ ಮಾತಾಡೋಕೆ ಫೋನ್ ಯಾಕ್ರೀ? ಅಡುಗೆಮನೇಲೇ ನಾಲ್ಕು ಗೋಡೆ ಇದೆ. ಹಂಗೇ ಪಾತ್ರೇನೂ ತೊಳೆದಂಗಾಗುತ್ತೆ" ಎಂದಳು ಹೆಂಡತಿ ಗ್ರಿಸೆಲ್ದಾ.

ಮೈ ಉರಿಯಿತು. ಆ ಉರಿಯಲ್ಲೇ ನನಗೆ ಬ್ರಹ್ಮಾಸ್ತ್ರ ಹೊಳೆಯಿತು. ಮೂವರು ಅರಸರ ಹಬ್ಬದ ಸಿಹಿರೊಟ್ಟಿ ಕೊಯ್ದಾಗ ಯಾರ ತುಂಡಿನಲ್ಲಿ ಪುಟ್ಟ ಬೊಂಬೆ ಸಿಗುತ್ತದೋ ಅವರು ಫೆಬ್ರವರಿಯ ಕಾಂದೆಲಾರಿಯಾ ಹಬ್ಬಕ್ಕೆ ಎಲ್ಲರಿಗೂ ತಮಾಲೆ ಉಣಿಸಬೇಕು. ಹಿಟ್ಟು ನಾದಿ, ಜೋಳದ ಸಿಪ್ಪೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸುವಷ್ಟರಲ್ಲಿ ಸೊಂಟ ಮುರಿಯುತ್ತದೆ; ಹೆದರಿ ಬೊಂಬೆಯನ್ನೇ ನುಂಗಿ ನೀರು ಕುಡಿದವರಿದ್ದಾರೆ. ನಾನು ಘೋಷಿಸಿದೆ: ಭಾನುವಾರ ಮಧ್ಯಾಹ್ನ ಚರ್ಚಿನ ಗಂಟೆ ಹನ್ನೆರಡು ಹೊಡೆಯುವುದರೊಳಗೆ ಬಳಗದಲ್ಲಿ ಒಂದು ಮಾತೂ ಆಡದವರಿಗೆ ಬೊಂಬೆ ಸಿಕ್ಕಂತೆಯೇ ಲೆಕ್ಕ. ಇಡೀ ಬೀದಿಯ ತಮಾಲೆ ಅವರ ತಲೆಗೆ.

ಮೂಕರಿಗೆಲ್ಲ ಬಾಯಿ ಬಂತು. ಕ್ಷೌರದಂಗಡಿಯ ನಿಕಾನೋರ್ ತನ್ನ ಮಂಡಿನೋವಿನ ಸಮಗ್ರ ಚರಿತ್ರೆ ಬರೆದ. ಎದುರುಮನೆಯ ಚೋಲೆ ಏನೂ ತೋಚದೆ ನಾಯಿ ಬೊಗಳಿದ್ದನ್ನು ರೆಕಾರ್ಡ್ ಮಾಡಿ ಹಾಕಿದಳು. ಭಾನುವಾರ ಬೆಳಿಗ್ಗೆ ಮೀಸೆ ತಿರುವುತ್ತ ಇನ್ನು ಯಾರು ಬಾಕಿ ಎಂದು ನೋಡಿದರೆ ಉಳಿದವರು ಒಬ್ಬರೇ, ದೋನ್ಯಾ ಎತೆಲ್ವೀನಾ. ಅಂದರೆ ನಮ್ಮದೇ ಮನೆಯ ಒಳಕೋಣೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ನನ್ನ ಅತ್ತೆ. ಸದಸ್ಯರ ಸಂಖ್ಯೆ ಹೆಚ್ಚಲಿ ಎಂದು ನಾನೇ ಕೈಯಾರೆ ಸೇರಿಸಿದ್ದೆ.

"ಅಮ್ಮನಿಗೆ ಬೊಂಬೆ ಸಿಕ್ಕರೆ ತಮಾಲೆ ಈ ಮನೇಲೇ ಆಗ್ಬೇಕು. ನಾನಂತೂ ಹಿಟ್ಟು ಮುಟ್ಟಲ್ಲ, ಈಗ್ಲೇ ಹೇಳಿದೀನಿ" ಎಂದಳು ಗ್ರಿಸೆಲ್ದಾ. ಆಗ ಹನ್ನೊಂದೂವರೆ.

ಅತ್ತೆಯ ಮುಂದೆ ಕೈಕಟ್ಟಿ ನಿಂತು, ಏನಾದರೂ ಒಂದು ಅಕ್ಷರ ಒತ್ತಿಬಿಡಿ ಎಂದು ಬೇಡಿಕೊಂಡೆ. ಅವರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು. ಬಳಗದಲ್ಲಿ ಬಂದದ್ದನ್ನೆಲ್ಲ ದಿನವೂ ತಪ್ಪದೆ ಓದುತ್ತಾರಂತೆ. ಮತ್ತೇಕೆ ಬರೆಯಲಿಲ್ಲ ಎಂದೆ.

"ಒಬ್ಬರ ಮನೆಗೆ ಹೋದ್ರೆ ಯಜಮಾನ ಎದ್ದು ಬಂದು ಬನ್ನಿ ಅಂತಾನೆ, ನಾಲ್ಕು ಜನಕ್ಕೆ ಪರಿಚಯ ಮಾಡಿಸ್ತಾನೆ. ನೀನು ನನ್ನ ಒಳಗೆ ತಳ್ಳಿ ಕಸದ ಗಾಡಿ ವಿಷ್ಯ ಬರೆದೆ. ಕರೀದೇ ಇರೋ ಕಡೆ ನಾನು ಬಾಯಿ ಬಿಡೋಳಲ್ಲ, ಎಲೀಹಿಯೊ."

(ಇಷ್ಟು ದಿನ ಇಡೀ ಬೀದಿ ಬಾಯಿ ಮುಚ್ಚಿಕೊಂಡಿದ್ದದ್ದೂ ಇದಕ್ಕೇ ಇರಬಹುದೇ ಎಂದು ಹೊಳೆದು ಬೆವರಿದೆ.) ಮಾನ ಮೂರಾಬಟ್ಟೆಯಾದರೂ ಸರಿ ಎಂದು ಬರೆದೆ: ಇವರು ದೋನ್ಯಾ ಎತೆಲ್ವೀನಾ, ನಮ್ಮ ಪೂಜ್ಯ ಅತ್ತೆಯವರು, ಇವರನ್ನು ಸ್ವಾಗತಿಸಲು ಮರೆತ ಮೂರ್ಖ ಅಳಿಯ ನಾನೇ, ಕ್ಷಮೆಯಿರಲಿ. ಅತ್ತೆ ಓದಿ ತಲೆದೂಗಿದರು. ಒಂದೇ ಬೆರಳಿನಲ್ಲಿ ಟೈಪ್ ಮಾಡತೊಡಗಿದರು.

ಇನ್ನು ಹತ್ತು ನಿಮಿಷ. ಹಿಂದಿನಿಂದ ಇಣುಕಿದೆ. ನಮಸ್ಕಾರ ದೋನ್ ನಿಕಾನೋರ್, ಮಂಡಿ ಹೇಗಿದೆ, ನಮಸ್ಕಾರ ದೋನ್ಯಾ ಚೋಲೆ, ನಿಮ್ಮ ತಂಗಿಗೂ ನಮಸ್ಕಾರ... ನಾಲ್ಕು ಜನ ಸೇರಿದ ಕಡೆ ಕಾಲಿಟ್ಟ ಮೇಲೆ ಒಬ್ಬೊಬ್ಬರಿಗೂ ಹೆಸರು ಹಿಡಿದು ನಮಸ್ಕರಿಸುವುದು ನಮ್ಮ ಕಡೆಯ ಮರ್ಯಾದೆ. ಬಿಟ್ಟುಹೋದವರು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಆದರೆ ಎಂಬತ್ತು ಮನೆ.

"ಅತ್ತೆ, ಎಲ್ಲರಿಗೂ ಅಂತ ಒಟ್ಟಿಗೆ ಹಾಕಿಬಿಡಿ."

"ನನ್ನೇನು ಕೊಟ್ಟಿಗೇಲಿ ಬೆಳೆಸಿದ್ರಾ?" ಎಂದವರೇ, ಯಾರಾದರೂ ಬಿಟ್ಟುಹೋಗಿದ್ದಾರೇನೋ ಎಂದು ಮೊದಲಿನಿಂದ ಓದತೊಡಗಿದರು.

ಚರ್ಚಿನ ಗಂಟೆ ಶುರುವಾಯಿತು. ಹನ್ನೆರಡೂ ಹೊಡೆದು ಮುಗಿಯಿತು. ಅತ್ತೆ ಇನ್ನೂ ಬೇಕರಿಯವನ ಹೆಂಡತಿಯ ಹತ್ತಿರ ಇದ್ದರು.

ಕೊನೆಗೂ ಅವರು ಕಳಿಸಿದಾಗ ಬಳಗವೇ ಹುಚ್ಚೆದ್ದಿತು. ಒಬ್ಬೊಬ್ಬರೂ ಮರುನಮಸ್ಕಾರ ಹಾಕಿದರು, ಆರೋಗ್ಯ ವಿಚಾರಿಸಿದರು, ಹಳೆಯ ಕಾಲದ ನೆನಪು ತೆಗೆದರು. ನಾನು ಎಂದೂ ಕಾಣದ ಜನಸಂದಣಿ. ತಡವಾದದ್ದನ್ನು ಯಾರೂ ಎತ್ತಲಿಲ್ಲ. ಬಚಾವಾದೆ ಎಂದು ಉಸಿರು ಬಿಡುವಷ್ಟರಲ್ಲಿ ನಿಕಾನೋರ್ ಕೇಳಿದ, ಗಂಟೆ ಹೊಡೆದ ಮೇಲೆ ಬಂತಲ್ಲ, ಹಾಗಾದರೆ ತಮಾಲೆ ಕಥೆ ಏನು ಎಂದು.

ನಾನು ಫೋನಿಗೆ ಕೈಹಾಕುವ ಮೊದಲೇ ಅತ್ತೆಯ ಉತ್ತರ ಹೋಗಿತ್ತು. ಈ ಸಲ ಅವರಿಗೆ ಹೊತ್ತೇ ಹಿಡಿಯಲಿಲ್ಲ.

"ನಮ್ಮ ಅಳಿಯ ಮಾಡ್ತಾನೆ. ಮಕ್ಕಳು ಮರಿ ಎಲ್ಲಾ ಬನ್ನಿ."